ಕುರ್ಟ್ ಶ್ವಿಟರ್ಸ್: ಹರಿದ ಟಿಕೆಟ್, ಅರ್ಥವಿಲ್ಲದ ಸೊನಾಟಾ, ಬೆದರುಬೊಂಬೆಯ ಕತೆ. ಇವನನ್ನ ದಾದಾ ಅಂದುಬಿಟ್ರೆ ಸಾಕಾ?

ಗೋಂದುಡಬ್ಬಿ

ಜರ್ಮನಿಯ ಹನೋವರ್ ಊರಿನ ಚಿತ್ರಗಾರ, ಕವಿ ಕುರ್ಟ್ ಶ್ವಿಟರ್ಸ್ ಅಂದ ಕೂಡಲೇ "ಓ, ದಾದಾ" ಅಂತ, ಅಂದರೆ ಮೊದಲ ಮಹಾಯುದ್ಧದ ಹೊತ್ತಲ್ಲಿ ಹುಟ್ಟಿ ತರ್ಕ, ಸಂಪ್ರದಾಯ ಎಲ್ಲಾ ಗೇಲಿ ಮಾಡಿದ ಕಲಾ ಚಳವಳಿಯವನು ಅಂತ, ಚೀಟಿ ಅಂಟಿಸಿ ಮುಂದೆ ಹೋಗೋದು ರೂಢಿ. ಕಲಾಶಾಲೆಯ ಪಠ್ಯದಲ್ಲೂ ಅಷ್ಟೇ: ಒಂದು ಪ್ಯಾರಾ, ಮಸುಕಾದ ಒಂದು ಚಿತ್ರ, ಮುಗೀತು. ಈ ಮನುಷ್ಯನ ಬಗ್ಗೆ ಸ್ವಲ್ಪ ಬಿಡಿಸಿ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡ್ತಿದೀನಿ.

ಬರ್ಲಿನ್ನಿನ ದಾದಾ ಗುಂಪು ಇವನನ್ನ ಒಳಗೇ ಬಿಟ್ಟುಕೊಳ್ಳಲಿಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆ ಗುಂಪಿನ ರೌಲ್ ಹೌಸ್‌ಮನ್ ಬರೆದಿರೋ ಪ್ರಕಾರ, ಇವನು ಬಂದು "ನಾನು ಚಿತ್ರಗಾರ, ನನ್ನ ಚಿತ್ರಗಳನ್ನ ಮೊಳೆ ಹೊಡೆದು ಜೋಡಿಸ್ತೀನಿ" ಅಂತ ಪರಿಚಯ ಹೇಳಿಕೊಂಡನಂತೆ. ಹೌಸ್‌ಮನ್‌ಗೆ ಆಸಾಮಿ ಹಿಡಿಸಿದ. ಅದೇ ಗುಂಪಿನ ರಿಚರ್ಡ್ ಹ್ಯುಲ್ಸೆನ್‌ಬೆಕ್‌ಗೆ ಮಾತ್ರ ಕಂಡರಾಗಲಿಲ್ಲ. ಹನೋವರ್‌ನ ಅನುಕೂಲಸ್ಥರ ಮನೆ ಹುಡುಗ, ಕೋಟು ಟೈ, ಹೆಂಡತಿ ಮಗು, ಅಚ್ಚುಕಟ್ಟಾದ ಸಂಸಾರ. ಇವನೆಂಥ ಕ್ರಾಂತಿ ಮಾಡ್ತಾನೆ ಅನ್ನೋದು ಅವನ ತಕರಾರು.

ಶ್ವಿಟರ್ಸ್ ತನ್ನ ಪಾಡಿಗೆ ತಾನು ಒಂದು ಅಂಗಡಿ ತೆರೆದ. 1919ರ ಒಂದು ಚಿತ್ರದಲ್ಲಿ ಬ್ಯಾಂಕಿನ ಜಾಹೀರಾತಿನ ಚೂರೊಂದನ್ನ ಅಂಟಿಸಿದ್ದ. ಅದರಲ್ಲಿದ್ದ "ಕೊಮೆರ್ತ್ಸ್" ಅನ್ನೋ ಪದದ ತಲೆ ಹಾರಿಹೋಗಿ "ಮೆರ್ತ್ಸ್" ಅಂತ ಬಾಲ ಉಳಿದಿತ್ತು. ಅದೇ ಅಂಗಡಿಯ ಬೋರ್ಡ್ ಆಯ್ತು. ಚಿತ್ರ ಮೆರ್ತ್ಸ್, ಕವಿತೆ ಮೆರ್ತ್ಸ್, ಪತ್ರಿಕೆ ಮೆರ್ತ್ಸ್, ಕಡೆಗೆ ವಾಸದ ಮನೆಯೂ ಮೆರ್ತ್ಸ್.

ನನ್ನ ವಾದ ಇಷ್ಟೇ. ಮೊದಲ ಮಹಾಯುದ್ಧದಲ್ಲಿ ಎಲ್ಲವೂ ಹೇಗೂ ಒಡೆದುಹೋಗಿದೆ, ಇನ್ನು ಆ ಚೂರುಗಳಿಂದಲೇ ಹೊಸದು ಕಟ್ಟಬೇಕು ಅಂತ ಅವನೇ ಆಮೇಲೆ ಬರೆದುಕೊಂಡಿದ್ದಾನೆ. ಅವನ ಕೊಲಾಜು (ಚೂರುಪಾರು ಅಂಟಿಸಿ ಮಾಡೋ ಚಿತ್ರ), ಧ್ವನಿಕವಿತೆ (ಅರ್ಥ ಬಿಟ್ಟು ಬರೀ ಶಬ್ದದಲ್ಲಿ ಕಟ್ಟೋ ಕವಿತೆ), ಮಕ್ಕಳ ಕತೆ ಮೂರನ್ನೂ ಈ ಕಟ್ಟುವ ಕೆಲಸದ ಕಡೆಯಿಂದ ನೋಡಬೇಕು. ಗೇಲಿ, ಕುಚೇಷ್ಟೆ ಬೇಕಾದಷ್ಟಿದೆ, ಆದರೆ ಅದು ಆಮೇಲಿನ ಮಾತು.

ಸುಮ್ನೆ ಬಂದೆ

ಗುರುಗಳೇ, ಬೇಜಾರು ಮಾಡ್ಕೋಬೇಡಿ. ಟ್ರಾಮ್ ಟಿಕೆಟ್, ಚಾಕೊಲೇಟ್ ಕಾಗದ, ಹಳೇ ರಟ್ಟು ಅಂಟಿಸಿದ್ದಕ್ಕೆ ಇಷ್ಟೊಂದು ಪೀಠಿಕೆಯಾ? ಯುಕೆಜಿ ಮಕ್ಕಳ ಕ್ರಾಫ್ಟ್ ಪೀರಿಯಡ್‌ನಲ್ಲಿ ಇದೇ ತಾನೇ ಆಗೋದು? ನಿಜವಾಗ್ಲೂ ಕೇಳ್ತಿದೀನಿ, ಕಾಲೆಳೀತಿಲ್ಲ.

ಗೋಂದುಡಬ್ಬಿ

ಒಂದೇ ಚಿತ್ರ ತಗೊಳ್ಳೋಣ. 1921ರ "ಚೆರ್ರಿ ಚಿತ್ರ", ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಎತ್ತರ ಸುಮಾರು 92 ಸೆಂಟಿಮೀಟರ್, ಅಗಲ 70. ನಡುವೆ ಮಕ್ಕಳಿಗೆ ಪದ ಕಲಿಸೋ ಒಂದು ಕಾರ್ಡು: ಕೆಂಪು ಚೆರ್ರಿ ಹಣ್ಣು, ಅದರ ಜರ್ಮನ್ ಹೆಸರು, ಫ್ರೆಂಚ್ ಹೆಸರು. ಅದರ ಮೇಲೆ ಪೆನ್ಸಿಲ್ಲಿನಲ್ಲಿ, ವ್ಯಾಕರಣ ಬೇಕಂತಲೇ ಕೆಡಿಸಿ, "ನಾನು ನಿನ್ನ ಪ್ರೀತಿಸ್ತೀನಿ" ಅಂತ ಗೀಚಿದ್ದಾನೆ. ಸುತ್ತ ಬಟ್ಟೆ ಚೂರು, ಮರದ ತುಂಡು, ಕಾರ್ಕು, ತಗಡು, ಅಚ್ಚಾದ ಕಾಗದಗಳು.

ಇದನ್ನ ದೊಡ್ಡದು ಮಾಡಿ ನೋಡಿ. ಕಾಗದಗಳು ಹತ್ತಿರಹತ್ತಿರ ಲಂಬ, ಅಡ್ಡ ಗೆರೆಗಳಲ್ಲೇ ಕೂತಿವೆ, ಆದರೆ ಪ್ರತಿಯೊಂದೂ ಒಂದೆರಡು ಡಿಗ್ರಿ ವಾಲಿದೆ. ಅಂಚುಗಳಲ್ಲಿ ಗಾಢ ಬಣ್ಣ, ಒಳಗೆ ಬಂದ ಹಾಗೆ ತಿಳಿ. ಎಲ್ಲಾ ಮಬ್ಬು ಕಂದು, ಹಸಿರು, ನೀಲಿಗಳ ನಡುವೆ ಆ ಬಿಳಿ ಕಾರ್ಡಿನ ಕೆಂಪು ಹಣ್ಣು ಥಟ್ಟನೆ ಕಣ್ಣಿಗೆ ಹೊಡೆಯುತ್ತೆ. ಬಣ್ಣದ ಈ ಲೆಕ್ಕ ಡ್ರೆಸ್ಡನ್ ಅಕಾಡೆಮಿಯಲ್ಲಿ ವರ್ಷಗಟ್ಟಲೆ ಮಾದರಿ ಇಟ್ಟುಕೊಂಡು ಎಣ್ಣೆಬಣ್ಣ ತಿಕ್ಕಿದವನ ಲೆಕ್ಕ. ಯುದ್ಧದ ಹೊತ್ತಲ್ಲಿ ಹನೋವರ್ ಹತ್ತಿರದ ವ್ಯುಲ್ಫೆಲ್ ಕಬ್ಬಿಣದ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ಆಗಿನ ಚಿತ್ರಗಳಲ್ಲಿ ಚಕ್ರಗಳು ಬರೋದಕ್ಕೆ ಅದೇ ಮೂಲ.

ಅಂಟಿಸೋ ರೀತಿಯನ್ನ ಕಣ್ಣಾರೆ ಕಂಡವರು ಹೇಳಿದ್ದು ಇನ್ನೂ ಸ್ವಾರಸ್ಯ. ಹಿಟ್ಟು ನೀರು ಕಲಸಿದ ಸರಿಯನ್ನ ಹಾಳೆ ಮೇಲೆಲ್ಲ ಬಳಿದು, ಅದು ಹಸಿ ಇರುವಾಗಲೇ ಚೂರುಗಳನ್ನ ಅದರ ಮೇಲೆ ಜಾರಿಸ್ತಾ, ಸರಿಸ್ತಾ, ತಿರುಗಿಸ್ತಾ, ಬೆರಳ ತುದಿಯಲ್ಲಿ ಸಣ್ಣ ಪುಡಿ ಕಾಗದ ಒತ್ತುತ್ತಾ ಇರ್ತಿದ್ದನಂತೆ. ಅಂದರೆ ಕಾಗದವನ್ನೇ ಒದ್ದೆ ಬಣ್ಣದ ಹಾಗೆ ಬಳಸ್ತಿದ್ದ. ಯುಕೆಜಿ ಮಕ್ಕಳ ಬಗ್ಗೆ ನನಗೂ ಗೌರವ ಇದೆ. ಅವರು ಇಷ್ಟು ಹೊತ್ತು ಒಂದು ಚೂರನ್ನ ಸರಿಸ್ತಾ ಕೂರೋದಿಲ್ಲ ಅಷ್ಟೆ.

ಅಚ್ಚುಮೊಳೆ

ನಾನು ಅಚ್ಚಿನಮನೆಯಲ್ಲಿ ಅಕ್ಷರದ ಮೊಳೆ ಜೋಡಿಸಿ ಹೊಟ್ಟೆ ಹೊರೆದವನು. ಟ್ರೆಡಲ್ ಮಿಷನ್, ಕೇಸು, ಸ್ಟಿಕ್ಕು, ಗ್ಯಾಲಿ, ಎಲ್ಲಾ ಕೈಯಲ್ಲಿ ಆಡಿದ ಸಾಮಾನು. ಹಾಗಾಗಿ ಕೊಲಾಜಿಗಿಂತ ನನಗೆ ಶ್ವಿಟರ್ಸ್ ಹಿಡಿಸಿದ್ದು ಅವನ "ಬೆದರುಬೊಂಬೆ" ಪುಸ್ತಕದಿಂದ. 1925ರಲ್ಲಿ ಕಲಾವಿದ ಗೆಳೆಯರಾದ ಕೇಟೆ ಸ್ಟೈನಿಟ್ಸ್, ಥಿಯೋ ಫಾನ್ ಡೂಸ್‌ಬರ್ಗ್ ಜೊತೆ ಸೇರಿ ಮಾಡಿದ್ದು. ಅವನ ಪತ್ರಿಕೆಯ 14 ಮತ್ತು 15ನೇ ಸಂಚಿಕೆಯಾಗಿ ಬಂತು.

ಅದರಲ್ಲಿ ಚಿತ್ರ ಅಂತ ಯಾರೂ ಬರೆದಿಲ್ಲ. ಪಾತ್ರಗಳೆಲ್ಲ ಅಚ್ಚುಮೊಳೆಗಳೇ. ರೋಮನ್ ಲಿಪಿಯ ದೊಡ್ಡ ಎಕ್ಸ್ ಅಕ್ಷರ ಬೆದರುಬೊಂಬೆ. ಬಿ ಅಕ್ಷರ ರೈತ, ಜರ್ಮನ್ನಿನಲ್ಲಿ ರೈತ ಅನ್ನೋ ಪದ ಶುರುವಾಗೋದೇ ಅದರಿಂದ. ಸಾಲುಗಳು ಓರೆಯಾಗಿ ಓಡ್ತವೆ, ಪದಗಳು ದಪ್ಪ ಆಗ್ತವೆ, ಸಣ್ಣ ಆಗ್ತವೆ. ಬಣ್ಣ ಕೆಂಪು, ನೀಲಿ ಮಾತ್ರ. ಕಂಪೋಸಿಂಗ್ ಗೊತ್ತಿರೋರಿಗೆ ಇದು ಎಷ್ಟು ಪೇಚಿನ ಕೆಲಸ ಅಂತ ಅರ್ಥ ಆಗುತ್ತೆ. ಸಾಲು, ಅಕ್ಷರಗಳ ನಡುವೆ ಇಡೋ ಲೆಡ್ಡು, ರೂಲು, ಕ್ವಾಡು ಎಲ್ಲಾ ಚೌಕಕ್ಕೆ ಚೌಕ ಕೂರೋ ಹಾಗೆ ಮಾಡಿರೋವು. ಅಕ್ಷರವನ್ನ ಓರೆ ನಿಲ್ಲಿಸಿದರೆ ಸುತ್ತಲಿನ ಸಂದಿಗೆಲ್ಲ ಏನಾದರೂ ತುರುಕಿ ಬಿಗಿ ಮಾಡಬೇಕು, ಇಲ್ಲದಿದ್ರೆ ಚೇಸು (ಮೊಳೆ ಬಿಗಿದ ಕಬ್ಬಿಣದ ಚೌಕಟ್ಟು) ಎತ್ತಿದ ಕೂಡಲೇ ಮೊಳೆ ಬುಳುಬುಳು ಉದುರುತ್ತೆ. ನನ್ನ ಕೈಕೆಳಗಿನ ಹುಡುಗರಿಗೆ ಇಂಥ ಪುಟ ಕೊಟ್ಟಿದ್ರೆ ಅವತ್ತೇ ಕೆಲಸ ಬಿಟ್ಟು ಓಡ್ತಿದ್ರು.

ಇನ್ನೊಂದು ಮಾತು. ಇವನು ಅನ್ನಕ್ಕೆ ಮಾಡ್ತಿದ್ದ ಕೆಲಸವೇ ಇದು. 1924ರಿಂದ ಮೆರ್ತ್ಸ್ ಹೆಸರಲ್ಲೇ ಜಾಹೀರಾತು ಕಚೇರಿ ನಡೆಸ್ತಿದ್ದ. ಪೆಲಿಕಾನ್ ಶಾಯಿ ಕಂಪನಿಗೆ ಜಾಹೀರಾತು ಮಾಡಿದ್ದಾನೆ, ಹನೋವರ್ ನಗರಸಭೆಯ ಫಾರಂ, ಕಾಗದಪತ್ರಗಳ ವಿನ್ಯಾಸ ಮಾಡಿದ್ದಾನೆ. ಅಚ್ಚುಕಟ್ಟಾದ ಸರ್ಕಾರಿ ಫಾರಂ ಮಾಡಬಲ್ಲವನೇ ಆ ಎಕ್ಸನ್ನ ಓರೆ ನಿಲ್ಲಿಸಿದ್ದು. ಕೈಲಾಗದೆ ಅಡ್ಡಾದಿಡ್ಡಿ ಮಾಡಿದ್ದಲ್ಲ.

ಇರುಳುಹಕ್ಕಿ

ಅಚ್ಚುಮೊಳೆ ಸರ್, ಕತೆಯನ್ನೂ ಹೇಳಿಬಿಡಿ. ಮಕ್ಕಳಿಗೆ ಹೇಳಬಹುದಾ?

ಅಚ್ಚುಮೊಳೆ

ಧಾರಾಳವಾಗಿ ಹೇಳಬಹುದು ತಾಯಿ. ಒಂದಾನೊಂದು ಕಾಲದಲ್ಲಿ ಒಂದು ಬೆದರುಬೊಂಬೆ ಇತ್ತು. ಅದಕ್ಕೆ ಕರೀ ಎತ್ತರದ ಟೋಪಿ, ಕರೀ ಕೋಟು, ಒಂದು ಊರುಗೋಲು, ಆಮೇಲೆ "ಆಹಾ ಎಂಥಾ ಚೆಂದದ" ಲೇಸಿನ ಶಾಲು. ಅದನ್ನ ಕಂಡು ಹಕ್ಕಿಗಳು ಹೆದರಬೇಕು ತಾನೇ? ಹುಂಜರಾಯ ಬರ್ತಾನೆ, ಕೋಳಿಗಳು ಬರ್ತವೆ, ಯಾರೂ ಹೆದರಲ್ಲ, ಕಾಳು ಹೆಕ್ಕಿ ತಿಂತಾರೆ. ರೈತನಿಗೆ ಸಿಟ್ಟು, ಬೊಂಬೆ ಮೇಲೇ ರೇಗ್ತಾನೆ. ಕಡೆಗೆ ಟೋಪಿ, ಶಾಲು ಯಾರದಾಗಿತ್ತೋ ಆ ಸತ್ತವರ ಆತ್ಮಗಳು ಬಂದು ತಂತಮ್ಮ ಸಾಮಾನು ಎತ್ಕೊಂಡು ಹೋಗ್ತವೆ. ಕೋಲನ್ನ ಒಬ್ಬ ಹುಡುಗ ಹೊಡ್ಕೊಂಡು ಹೋಗ್ತಾನೆ. ಮುಗೀತು. ಬುದ್ಧಿಮಾತು ಹುಡುಕಿದ್ರೆ ಸಿಗಲ್ಲ.

ಇರುಳುಹಕ್ಕಿ

ಭಾರೀ ಚೆನ್ನಾಗಿದೆ! ನನಗೆ ಹೊಳೀತಿರೋದು ಏನಂದ್ರೆ, ಆ ಬೊಂಬೆಯೇ ಒಂದು ಕೊಲಾಜ್ ಅಲ್ವಾ? ಯಾರ್ಯಾರದೋ ಬಿಟ್ಟ ಬಟ್ಟೆ ಜೋಡಿಸಿ ಒಬ್ಬ ದೊಡ್ಡಮನುಷ್ಯನ್ನ ನಿಲ್ಲಿಸಿದಾರೆ. ಮಾಲೀಕರು ಬಂದು ಕೇಳಿದ್ರೆ ಅವನು ಇಲ್ಲ.

ಅವನ ಬೇರೆ ಕತೆಗಳನ್ನೂ ಓದಿದೀನಿ, ಜ್ಯಾಕ್ ಝೈಪ್ಸ್ ಇಂಗ್ಲಿಷಿಗೆ ತಂದು 2009ರಲ್ಲಿ ಪ್ರಿನ್ಸ್‌ಟನ್‌ನಿಂದ ಬಂದ ಸಂಕಲನದಲ್ಲಿ. ಗ್ರಿಮ್ ಸೋದರರ ಸಾಮಾನೆಲ್ಲಾ ಇದೆ: ರಾಜ, ಮೂರು ವರ, ಹಂದಿ ಕಾಯೋ ಹುಡುಗ, ಅದೃಷ್ಟವಂತ ಹಾನ್ಸ್. ಆದರೆ ಆ ಕತೆಗಳಲ್ಲಿ ಕಷ್ಟಪಟ್ಟವನಿಗೆ ಕಡೆಗೆ ರಾಜಕುಮಾರಿ ಸಿಗುತ್ತೆ ಅನ್ನೋ ಒಪ್ಪಂದ ಇರುತ್ತಲ್ಲ, ಅದನ್ನ ಇವನು ಸದ್ದಿಲ್ಲದೆ ಕಿತ್ತು ಹಾಕ್ತಾನೆ. ಸುಖ ಬಂದ್ರೂ ದಾರಿ ತಪ್ಪಿ ಬಂದ ಹಾಗೆ ಬರುತ್ತೆ. ಇದು ಇಪ್ಪತ್ತರ ದಶಕದಲ್ಲಿ ಶುರುವಾದ ಹುಚ್ಚು. ದೇಶ ಬಿಟ್ಟ ಮೇಲೂ ಬಿಡಲಿಲ್ಲ, ಕಡೆಕಡೆಗೆ ಇಂಗ್ಲಿಷಿನಲ್ಲೇ ಬರೆದ.

ಎಲ್ಲಾ ಒಂದೇ ಮಟ್ಟಕ್ಕಿಲ್ಲ ಅನ್ನೋದನ್ನೂ ಹೇಳಬೇಕು. ಕೆಲವು ಕತೆ ಊಟದ ಹೊತ್ತಲ್ಲಿ ಮಗನನ್ನ ನಗಿಸೋಕೆ ಕಟ್ಟಿದ ಹಾಗಿವೆ, ಪುಸ್ತಕದಲ್ಲಿ ಓದೋವಾಗ ಸಪ್ಪೆ.

ತಂಬೂರಿ ತಂತಿ

ಇಲ್ಲಿ ಇನ್ನೂ ಯಾರೂ "ಉರ್‌ಸೊನಾಟೆ" ಬಗ್ಗೆ, ಅಂದರೆ ಅರ್ಥವಿಲ್ಲದ ಶಬ್ದಗಳಲ್ಲೇ ಕಟ್ಟಿದ ಅವನ ದೊಡ್ಡ ಧ್ವನಿಕವಿತೆ ಬಗ್ಗೆ, ಬಾಯಿ ಬಿಟ್ಟಿಲ್ಲ, ಅದಕ್ಕೇ ಬಂದೆ.

ಇದರ ಬೀಜ ಇವನದಲ್ಲ, ಹೌಸ್‌ಮನ್‌ದು. ಅವನು 1918ರಲ್ಲಿ ಅಚ್ಚಿನಮನೆಯ ದೊಡ್ಡ ಅಕ್ಷರಗಳನ್ನ ಸಿಕ್ಕ ಹಾಗೆ ಜೋಡಿಸಿ ಒಂದು ಪೋಸ್ಟರ್ ಕವಿತೆ ಮಾಡಿದ್ದ, ಅರ್ಥವಿಲ್ಲದ ಅಕ್ಷರಗಳ ಗುಂಪು. 1921ರಲ್ಲಿ ಇಬ್ಬರೂ ದಾದಾ ಕಲಾವಿದೆ ಹನ್ನಾ ಹ್ಯೋಖ್ ಜೊತೆ ಪ್ರಾಗ್‌ಗೆ ಹೋಗಿದ್ದಾಗ ಹೌಸ್‌ಮನ್ ಅದನ್ನ ವೇದಿಕೆ ಮೇಲೆ ಒದರಿದ. ಶ್ವಿಟರ್ಸ್ ವಾಪಸು ಬರೋ ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಹಾಕ್ಕೊಂಡು ಜಗಿದ. ಆಮೇಲೆ ಹತ್ತು ವರ್ಷ ಅದನ್ನೇ ಬೆಳೆಸಿ ತೀಡಿ ತಿದ್ದಿ, 1932ರಲ್ಲಿ ತನ್ನ ಪತ್ರಿಕೆಯ 24ನೇ, ಅಂದರೆ ಕೊನೇ ಸಂಚಿಕೆಯಾಗಿ ಅಚ್ಚು ಹಾಕಿಸಿದ. ಅಕ್ಷರ ವಿನ್ಯಾಸ ಯಾನ್ ಚಿಖೋಲ್ಡ್‌ದು. ಹೌಸ್‌ಮನ್‌ಗೆ ಇದರ ಮೇಲೆ ಕಡೇತನಕ ಮುನಿಸು ಇತ್ತು, ಅದು ನ್ಯಾಯವೇ.

ಆದರೆ ಹೌಸ್‌ಮನ್ ಕೈಯಲ್ಲಿ ಒಂದು ಗರ್ಜನೆಯಾಗಿದ್ದದ್ದು ಇವನ ಕೈಯಲ್ಲಿ ನಾಲ್ಕು ಭಾಗಗಳ ಸೊನಾಟಾ ಆಯ್ತು, ವಾದ್ಯಕ್ಕೆ ಬರೆಯೋ ಹಲವು ಭಾಗಗಳ ಕೃತಿಯ ಹಾಗೆ. ಮೊದಲನೇದು ರಾಂಡೋ, ಆಮೇಲೆ ಲಾರ್ಗೋ, ಸ್ಕೆರ್ಜೋ, ಪ್ರೆಸ್ಟೋ. ಪಾಶ್ಚಾತ್ಯ ಸಂಗೀತದಲ್ಲಿ ರಾಂಡೋ, ಸ್ಕೆರ್ಜೋ ರೂಪಗಳ ಹೆಸರು, ಲಾರ್ಗೋ ಅಂದ್ರೆ ಬಹಳ ನಿಧಾನ, ಪ್ರೆಸ್ಟೋ ಅಂದ್ರೆ ಬಲು ವೇಗ. ಶುರುವಾಗೋದು ಹೀಗೆ: "ಫ್ಯುಮ್ಸ್ ಬ್ಯೋ ವ್ಯೋ ಟೇ ಝೇ ಊ, ಪ್ಯೋಗಿಫ್, ಕ್ವೀ ಈ." ಇದು ಮೊದಲ ವಸ್ತು, ಅಂದರೆ ಥೀಮ್. "ರಿನ್‌ಝೆಕೆಟೆ ಬೇ ಬೇ" ಅಂತ ಇನ್ನೊಂದು ಬರುತ್ತೆ, ಅದರ ಜೊತೆ "ರಾಕೆಟೆ ಬೇ ಬೇ". ರಾಂಡೋ ಅಂದಮೇಲೆ ಈ ವಸ್ತುಗಳು ಮತ್ತೆ ಮತ್ತೆ ಬರಲೇಬೇಕು. ಎರಡನೇ ಸಲ ಬಂದಾಗ ನಿಮಗೆ ಗುರುತು ಸಿಗುತ್ತೆ. ಮೂರನೇ ಸಲ ಬಂದಾಗ ಹಳೇ ನೆಂಟರು ಬಂದ ಖುಷಿ. ಅರ್ಥವೇ ಇಲ್ಲದ ಶಬ್ದಕ್ಕೆ ನಾವು ಯಾಕೆ ಖುಷಿ ಪಡ್ತೀವಿ? ಅದೇ ಅವನ ಕಸುಬು.

ಕೊನೆಯಲ್ಲಿ ಜರ್ಮನ್ ವರ್ಣಮಾಲೆಯನ್ನ ಹಿಂದಿನಿಂದ ಮುಂದಕ್ಕೆ ಹೇಳ್ತಾನೆ, ಝಡ್‌ನಿಂದ ಎ ಕಡೆಗೆ. ಕೇಳೋರಿಗೆ ಎ ಯಾವಾಗ ಬರುತ್ತೋ ಅನ್ನೋ ಕಾತರ ಹುಟ್ಟುತ್ತೆ. ಎರಡು ಸಲ ಬಿ ಹತ್ತಿರ ಬಂದು ನಿಲ್ಲಿಸಿಬಿಡ್ತಾನೆ. ಮೂರನೇ ಸಲ ಎ ಬರುತ್ತೆ, ಉಸ್ಸಪ್ಪಾ ಅನ್ನಿಸುತ್ತೆ. ಅಷ್ಟಕ್ಕೆ ಬಿಡಬೇಕಿತ್ತು ತಾನೇ? ಇಲ್ಲ, ನಾಲ್ಕನೇ ಸಲ ಶುರು ಮಾಡಿ "ಬೇ" ಅಂತ ನೋವಿನ ದನಿಯಲ್ಲಿ ಪ್ರಶ್ನೆ ಹಾಕಿ ಮುಗಿಸ್ತಾನೆ. ಇದನ್ನ ಅವನೇ ಟಿಪ್ಪಣಿಯಲ್ಲಿ ವಿವರಿಸಿದ್ದಾನೆ, ನಾನು ಕಟ್ಟಿದ್ದಲ್ಲ.

ಪಾಟ್ಸ್‌ಡಾಮ್‌ನಲ್ಲಿ ಒಬ್ಬ ಶ್ರೀಮಂತ ಮಹಿಳೆಯ ಮನೆಯಲ್ಲಿ ಓದಿದ್ದನ್ನ ಅವನ ಗೆಳೆಯ, ಕಲಾವಿದ ಹಾನ್ಸ್ ರಿಖ್ಟರ್ ಬರೆದಿದ್ದಾನೆ. ಕೇಳೋಕೆ ಕೂತವರು ಹಳೇ ಪ್ರಶ್ಯನ್ ಜನರಲ್‌ಗಳು, ಬಿಗಿದ ಮುಖದವರು. ಮೊದಲು ನಗು ತಡೆಯೋಕೆ ಒದ್ದಾಡಿದರು, ಆಮೇಲೆ ಕಟ್ಟೆ ಒಡೆದು ಬಿದ್ದು ಬಿದ್ದು ನಕ್ಕರು. ಶ್ವಿಟರ್ಸ್ ದನಿ ಇನ್ನಷ್ಟು ಏರಿಸಿ ಓದುತ್ತಲೇ ಹೋದ. ಮುಗಿದ ಮೇಲೆ ಅದೇ ಜನರಲ್‌ಗಳು ಬಂದು ಕೈ ಹಿಡಿದು ಧನ್ಯವಾದ ಹೇಳಿದರಂತೆ, ಕಣ್ಣಲ್ಲಿ ನೀರು.

ಮಲೆನಾಡ್ ಮಾಣಿ

ಮಾರಾಯ್ರೇ, ಇದು ನಮ್ಮ ಕೊನ್ನಕ್ಕೋಲೇ ಅಲ್ದಾ? ತಕ ಧಿಮಿ ತಕ ಜುಣು. ನಾವು ಯಾವತ್ತೋ ಮಾಡಿದ್ದು.

ತಂಬೂರಿ ತಂತಿ

ಅಲ್ಲ ಮಾಣಿ. ಕೊನ್ನಕ್ಕೋಲಿನ ಒಂದೊಂದು ಸೊಲ್ಲಿಗೂ ಮೃದಂಗದಲ್ಲಿ ಒಂದು ಪೆಟ್ಟು ಇದೆ, ಅದು ತಾಳದ ಲೆಕ್ಕ. "ಫ್ಯುಮ್ಸ್"ಗೆ ಹಾಗೆ ಯಾವ ಪೆಟ್ಟೂ ಇಲ್ಲ, ಅದು ಹುಟ್ಟಿದ್ದು ಅಚ್ಚಿನಮನೆಯ ಮೊಳೆಯಿಂದ. ಅವನಿಗೆ ಕರ್ನಾಟಕ ಸಂಗೀತದ ಗಂಧಗಾಳಿ ಇತ್ತು ಅನ್ನೋಕೆ ಆಧಾರವೂ ಇಲ್ಲ. ಲಯ ಗೊತ್ತಿರೋ ಕಿವಿಗೆ ಇದು ಬೇಗ ಹತ್ತುತ್ತೆ ಅನ್ನೋದಾದ್ರೆ ಒಪ್ತೀನಿ. "ನಾವೇ ಮೊದಲು" ಅನ್ನೋ ಆಟಕ್ಕೆ ನಾನಿಲ್ಲ.

1932ರಲ್ಲಿ ರೇಡಿಯೋಗೆ ಅವನೇ ಓದಿದ ಒಂದು ತುಣುಕಿನ ಧ್ವನಿಮುದ್ರಣ ಉಳಿದಿದೆ, ಹುಡುಕಿ ಕೇಳು. ಬಹಳ ಜನ ಕಲಾವಿದರು ಇದನ್ನ ಹುಚ್ಚು ಕೂಗಾಟದ ಹಾಗೆ ಓದ್ತಾರೆ. ಅವನು ಮಾತ್ರ ಸ್ಪಷ್ಟವಾಗಿ, ಹಾಡಿನ ಹದದಲ್ಲಿ, ಪಾಠ ಒಪ್ಪಿಸೋ ಶಿಸ್ತಿನಲ್ಲಿ ಓದ್ತಾನೆ.

ಖಾರಪುಡಿ

ಎಲ್ಲಾ ಚಂದ ಐತಿ, ಖರೇ. ಆದ್ರ ನಾ ಒಂದು ಮಾತು ಕೇಳತೀನ್ರಿ. 1919ರಾಗ ಬರ್ಲಿನ್ ಬೀದಿಯೊಳಗ ಎಡಪಂಥದ ನಾಯಕಿ ರೋಸಾ ಲಕ್ಸೆಂಬರ್ಗ್‌ನ ಕೊಂದು ಕಾಲುವೆಗೆ ಒಗದ್ರು. ಜಾನ್ ಹಾರ್ಟ್‌ಫೀಲ್ಡ್, ಜಾರ್ಜ್ ಗ್ರೋಸ್ ಇಂಥವರು ಕತ್ತರಿ ಗೋಂದು ಹಿಡದು ಸರ್ಕಾರದ ಮಾರಿಗೆ ಹೊಡದ್ರು. ಅದೇ ವರ್ಷ ಈ ಮನಷ್ಯಾ ಏನ್ ಮಾಡ್ದ? "ಅನ್ನಾ ಬ್ಲೂಮೆಗೆ" ಅಂತ ಒಂದು ಪ್ರೇಮಕವಿತಾ ಬರದು, ಹಳದಿ ಕೂದಲದಾಕಿಗೆ ನಿನ್ನ ಕೂದಲ ಬಣ್ಣ ನೀಲಿ ಅಂದ. ಅದನ್ನ ಹನೋವರ್ ತುಂಬ ಜಾಹೀರಾತು ಕಂಬಕ್ಕ ಹಚ್ಚಿಸಿದ್ರು. ಊರ ಮಂದಿ ಇವಗ ಹುಚ್ಚ ಹಿಡದೈತಿ ಅಂದ್ರು, ಪುಸ್ತಕ ಬಿಸಿ ಮಿರ್ಚಿ ಹಂಗ ಖರ್ಚಾತು. ಹ್ಯುಲ್ಸೆನ್‌ಬೆಕ್ ಇವಂಗ ದಾದಾ ಕ್ರಾಂತಿಯ ಕಾಸ್ಪರ್ ಡಾವಿಡ್ ಫ್ರೀಡ್ರಿಶ್ ಅಂತ ಕರದಿದ್ದು, ಅಂದ್ರ ಕನಸಗಣ್ಣಿನ ನಿಸರ್ಗಪ್ರೇಮಿ ಅಂದಂಗ, ಪೂರಾ ಸುಳ್ಳೇನಲ್ಲ. ಮನಿ ಬಾಡಿಗಿ ಬರ್ತಿತ್ತು, ಕುಂತು ಕಾಗದ ಹಚ್ಚಿದ.

ಗೋಂದುಡಬ್ಬಿ

ಖಾರಪುಡಿ ಅಣ್ಣ, ಬಾಡಿಗೆ ಮಾತು ನಿಜ. ಪಕ್ಷದ ಕೈಗೆ ಕಲೆ ಕೊಡಲ್ಲ ಅಂತ ಅವನು ಬಹಿರಂಗವಾಗೇ ಹೇಳಿದ್ದೂ ನಿಜ. ಆದರೆ 1922ರಲ್ಲಿ ಬರೆದ ಒಂದು ಕತೆ ಇದೆ, ರೆವೋನ್ ಅನ್ನೋ ಊರಿನ ಮಹಾ ಕ್ರಾಂತಿ ಹೇಗೆ ಶುರುವಾಯ್ತು ಅಂತ. ಹನೋವರ್ ಹೆಸರನ್ನೇ ತಿರುಗಾಮುರುಗಾ ಮಾಡಿದ್ದು ಅದು. ಒಬ್ಬ ಮನುಷ್ಯ ಬೀದಿಯಲ್ಲಿ ನಿಂತಿದ್ದಾನೆ. ಸುಮ್ಮನೆ. ಒಂದು ಮಗು "ಅಮ್ಮಾ, ಅಲ್ಲೊಬ್ಬ ನಿಂತಿದ್ದಾನೆ" ಅನ್ನುತ್ತೆ. ಜನ ಸೇರ್ತಾರೆ. ಯಾಕೆ ನಿಂತಿದ್ದಾನೆ, ಹೀಗೆ ನಿಲ್ಲೋಕೆ ಯಾರು ಬಿಟ್ಟರು ಅಂತ ಮಾತು ಬೆಳೆಯುತ್ತೆ. ಪತ್ರಿಕೆಯ ಸಂಪಾದಕ ಬರ್ತಾನೆ, ಅವನ ಹೆಸರಲ್ಲಿ ಬೈಬಲ್ಲಿನ ಅರ್ಧ ಡಜನ್‌ಗಿಂತ ಹೆಚ್ಚು ಪ್ರವಾದಿಗಳು ಸಾಲಾಗಿ ಕೂತಿದ್ದಾರೆ. ಆ ಮನುಷ್ಯ ಮಾತ್ರ ನಿಂತೇ ಇದ್ದಾನೆ. ಊರು ರೊಚ್ಚಿಗೇಳುತ್ತೆ.

ಏನೂ ಮಾಡದೆ ನಿಂತಿರೋ ಒಬ್ಬನನ್ನ ನೋಡಿ ಮರ್ಯಾದಸ್ಥರ ಊರೊಂದು ರಕ್ತ ಕುದಿಸಿಕೊಳ್ಳೋದನ್ನ ಹಿಟ್ಲರ್ ಅಧಿಕಾರಕ್ಕೆ ಬರೋಕೆ ಹನ್ನೊಂದು ವರ್ಷ ಮುಂಚೆಯೇ ಬರೆದವನಿಗೆ ರಾಜಕೀಯ ಗೊತ್ತಿರಲಿಲ್ಲ ಅಂತೀರಾ? ಘೋಷಣೆ ಕೂಗಲಿಲ್ಲ, ಅಷ್ಟು ಒಪ್ತೀನಿ.

ಇನ್ನು ನಾಜಿಗಳಿಗೆ ಅವನು ಯಾವ ಪಂಗಡ ಅನ್ನೋ ಅನುಮಾನ ಇರಲಿಲ್ಲ. 1936ರ ಆಗಸ್ಟ್‌ನಲ್ಲಿ ಅವನ ಆಪ್ತ ಸ್ಪೆಂಗೆಮನ್ ದಂಪತಿಯನ್ನ ಗೆಸ್ಟಾಪೊ ಹಿಡಿಯಿತು. ವರ್ಷದ ಕೊನೆಗೆ ಮಗ ಎರ್ನ್ಸ್ಟ್ ನಾರ್ವೆಗೆ ಹೊರಟ, 1937ರ ಜನವರಿ 2ಕ್ಕೆ ಇವನೂ ಹಿಂದೆಯೇ ಹೋದ. ಹೆಂಡತಿ ಹೆಲ್ಮಾ ಮನೆ, ವಯಸ್ಸಾದವರು ಅಂತ ಉಳಿದಳು. ಅದೇ ಬೇಸಿಗೆ ಮ್ಯೂನಿಕ್‌ನಲ್ಲಿ "ಅಧಃಪತಿತ ಕಲೆ" ಪ್ರದರ್ಶನ. ದಾದಾ ಗೋಡೆ ಅಂತ ಮಾಡಿ ಇವನ ಚಿತ್ರವನ್ನ ಸೊಟ್ಟಗೆ ನೇತುಹಾಕಿದ್ದರು, ಆ ಗೋಡೆ ಮುಂದೆ ಹಿಟ್ಲರ್ ನಿಂತಿರೋ ಫೋಟೋ ಇದೆ. ಮೆರ್ತ್ಸ್ ಅನ್ನೋ ಹೆಸರು ಬಂದದ್ದು ಯಾವ ಚಿತ್ರದಿಂದಲೋ ಆ ಚಿತ್ರವೇ ಅಲ್ಲಿಂದ ಮುಂದೆ ಪತ್ತೆ ಇಲ್ಲ.

ಖಾರಪುಡಿ

ರೆವೋನ್ ಕತಿ ನಾ ಓದಿಲ್ಲ, ಓದತೀನಿ. ಆದ್ರೂ ಹಾರ್ಟ್‌ಫೀಲ್ಡ್ ಬಾಜೂಕ ಇವನ್ನ ಕುಂದ್ರಸಾಕ ನನ್ನ ಮನಸ್ಸು ಒಪ್ಪಂಗಿಲ್ಲ.

ಹನೋವರ್ ಹೈದ

ನಾನು ಕೆಲಸದ ಮೇಲೆ ಇದೇ ಊರಲ್ಲಿದೀನಿ. ವಾಲ್ಡ್‌ಹೌಸೆನ್ ಬೀದಿ 5ನೇ ನಂಬರ್, ಅವನ ಮನೆ ಇದ್ದ ಜಾಗ. 1923ರ ಆಸುಪಾಸಿನಿಂದ ಅಲ್ಲಿ ಅವನು ಮೆರ್ತ್ಸ್‌ಬೌ (ಮೆರ್ತ್ಸ್ ಕಟ್ಟಡ) ಅಂತ ಕಟ್ಟುತ್ತಾ ಹೋದ. ಸ್ಟುಡಿಯೋದಲ್ಲಿ ಒಂದು ಕಂಬದಿಂದ ಶುರು. ಕಸ, ಮರ, ಪ್ಲಾಸ್ಟರ್ ಮೆತ್ತುತ್ತಾ ಮೆತ್ತುತ್ತಾ ಅದು ಗೋಡೆ ಹಿಡೀತು, ಸೂರು ಹಿಡೀತು, ಪಕ್ಕದ ಕೋಣೆಗೂ ಕಾಲಿಟ್ಟಿತು. ಒಳಗೆ ಗವಿಗಳು. ಒಂದೊಂದು ಗವಿ ಒಬ್ಬೊಬ್ಬ ಸ್ನೇಹಿತನಿಗೆ: ವಾಸ್ತುಶಿಲ್ಪಿ ಮೀಸ್ ಫಾನ್ ಡೆರ್ ರೋಹೆ ಮೇಜಿಂದ ಎಗರಿಸಿದ ಪೆನ್ಸಿಲ್, ರಿಖ್ಟರ್ ತಲೆಯಿಂದ ಕತ್ತರಿಸಿದ ಕೂದಲು. ಎಲ್ಲಕ್ಕಿಂತ ಮನಸ್ಸು ಕಲಕೋದು ಕಂಬದ ಮೇಲಿದ್ದ ಒಂದು ಪುಟ್ಟ ಮುಖ. 1916ರಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ತೀರಿಹೋದ ಮೊದಲ ಮಗನ ಮುಖದ ಅಚ್ಚು ಅದು.

ಖಾರಪುಡಿಯವರೇ, ಕೂತು ಕಾಗದ ಅಂಟಿಸಿದ ಅಂದ್ರಲ್ಲ, ಅದನ್ನೂ ಒಂದ್ಸಲ ಯೋಚನೆ ಮಾಡಿ.

1943ರ ಅಕ್ಟೋಬರ್ 8ರ ರಾತ್ರಿ ಮಿತ್ರಪಡೆಗಳ ಬಾಂಬಿಗೆ ಎಲ್ಲಾ ಪುಡಿಪುಡಿ. ಈಗ ಇಲ್ಲಿನ ಸ್ಪ್ರೆಂಗೆಲ್ ಮ್ಯೂಸಿಯಂನಲ್ಲಿ ಒಂದು ಕೋಣೆಯಷ್ಟನ್ನ ಮತ್ತೆ ಕಟ್ಟಿ ಇಟ್ಟಿದ್ದಾರೆ. ಪೀಟರ್ ಬಿಸೆಗ್ಗರ್ ಅನ್ನೋರು ಎಂಬತ್ತರ ದಶಕದ ಶುರುವಿನಲ್ಲಿ, 1933ರ ಕೆಲವೇ ಫೋಟೋ ನೋಡಿ ಅಳತೆ ಹಾಕಿ ಕಟ್ಟಿದ್ದು. ಒಳಗೆ ಹೋಗಬಹುದು. ಬೆಳ್ಳಗೆ, ಚೂಪುಚೂಪಾಗಿ, ನುಣುಪಾಗಿದೆ. ನನಗೇನೋ ತೀರಾ ಶುಚಿ ಅನ್ನಿಸ್ತು. ಆ ಮನೆಗೆ ಹೋಗಿದ್ದವರೆಲ್ಲ ಅಂಟು ವಾಸನೆ, ಅಡುಗೆ ವಾಸನೆ, ಮನೆಯೊಳಗೇ ಸಾಕಿದ್ದ ಗಿನಿಯಿಲಿಗಳ ಬಗ್ಗೆ ಬರೆದಿದ್ದಾರೆ.

ಸುಮ್ನೆ ಬಂದೆ

ಕೆಲಸ ಬಿಟ್ಟು ಇದನ್ನೇ ಓದ್ತಾ ಕೂತಿದೀನಿ. ನಾರ್ವೆಗೆ ಹೋದಮೇಲೆ ಏನಾಯ್ತು?

ಗೋಂದುಡಬ್ಬಿ

ಓಸ್ಲೋ ಹತ್ತಿರದ ಲಿಸಾಕರ್‌ನಲ್ಲಿ ಎರಡನೇ ಮೆರ್ತ್ಸ್‌ಬೌ ಶುರು ಮಾಡಿದ. ಅದು 1951ರಲ್ಲಿ ಬೆಂಕಿಗೆ ಹೋಯ್ತು. ಆ ಕಾಲದ ಒಂದು ಕೊಲಾಜ್ ಲಂಡನ್ನಿನ ಟೇಟ್‌ನಲ್ಲಿದೆ, ಜರ್ಮನಿಯಿಂದ ಬಂದ ಪಾರ್ಸೆಲ್ ಮೇಲಿನ "ಸುಂಕದವರು ತೆರೆದು ನೋಡಿದ್ದಾರೆ" ಅನ್ನೋ ಚೀಟಿಗಳನ್ನೇ ಅಂಟಿಸಿದ್ದಾನೆ. ರಾಜಕೀಯ ಹುಡುಕೋರು ಅಲ್ಲೂ ನೋಡಬಹುದು.

1940ರಲ್ಲಿ ಜರ್ಮನ್ ಸೇನೆ ನಾರ್ವೆಗೂ ಬಂತು. ಅಪ್ಪ ಮಗ ಉತ್ತರಕ್ಕೆ ಓಡಿ, ಫ್ರಿಟ್ಯೋಫ್ ನಾನ್ಸೆನ್ ಅನ್ನೋ ಹಿಮಭೇದಕ ಹಡಗು ಹತ್ತಿ ಜೂನ್‌ನಲ್ಲಿ ಸ್ಕಾಟ್ಲೆಂಡ್ ಮುಟ್ಟಿದರು. ಅಲ್ಲಿ ಇವನು ಶತ್ರುದೇಶದವನು! ಮ್ಯಾನ್ ದ್ವೀಪದ ಡಗ್ಲಾಸ್ ಊರಿನ ಹಚಿನ್ಸನ್ ಶಿಬಿರದಲ್ಲಿ ಕೂಡಿಹಾಕಿದರು, 1941ರ ನವೆಂಬರ್‌ವರೆಗೆ. ಆ ಶಿಬಿರದಲ್ಲಿ ಪ್ರೊಫೆಸರುಗಳು, ಸಂಗೀತಗಾರರು, ಚಿತ್ರಗಾರರು ತುಂಬಿಹೋಗಿದ್ದರು. ಇವನು ನೆಲದ ಲಿನೋಲಿಯಂ ಕಿತ್ತು ಅದರ ಮೇಲೆ ಜೊತೆಯವರ ಭಾವಚಿತ್ರ ಬರೆದ. ಬೆಳಗಿನ ತಿಂಡಿಗೆ ಕೊಡೋ ಗಂಜಿಯ ಮಿಕ್ಕಿದ್ದನ್ನ ಒಟ್ಟುಮಾಡಿ ಶಿಲ್ಪ ಕಟ್ಟಿದ. ಅದಕ್ಕೆ ಹಸಿರು ನೀಲಿ ಬೂಸ್ಟು ಬಂದು, ಗಬ್ಬು ನಾತ ಹೊಡೀತಿತ್ತು ಅಂತ ಅದೇ ಶಿಬಿರದಲ್ಲಿದ್ದ ಫ್ರೆಡ್ ಉಲ್ಮನ್ ಬರೆದಿದ್ದಾನೆ. ರಾತ್ರಿ ಮಲಗೋ ಮುಂಚೆ ನಾಯಿ ಹಾಗೆ ಬೊಗಳ್ತಿದ್ದನಂತೆ. ಶಿಬಿರದ ಒಬ್ಬ ವಯಸ್ಸಾದ ಬ್ಯಾಂಕರು ತಿರುಗಿ ಬೊಗಳ್ತಿದ್ದ.

ಬಿಡುಗಡೆ ಆಗಿ ಲಂಡನ್ನಿಗೆ ಬಂದ. ಅಲ್ಲಿ ಎಡಿತ್ ಥಾಮಸ್ ಜೊತೆಯಾದಳು. ಯಾವಾಗಲೂ ಟೀ ಬೇಕಾ ಅಂತ ಕೇಳ್ತಿದ್ದಳು ಅಂತ ಅವಳಿಗೆ "ವಾಂಟೀ" ಅಂತಲೇ ಹೆಸರಿಟ್ಟ. 1944ರ ಅಕ್ಟೋಬರ್‌ನಲ್ಲಿ ಹೆಲ್ಮಾ ಹನೋವರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಯುದ್ಧದ ನಡುವೆ ಅವಳ ಹತ್ತಿರ ಹೋಗೋ ದಾರಿಯೇ ಇರಲಿಲ್ಲ.

ಇರುಳುಹಕ್ಕಿ

ಲಂಡನ್ ಕಾಲದ ಕೊಲಾಜುಗಳು ನನಗೆ ಹನೋವರ್ ಕಾಲದವಕ್ಕಿಂತ ಇಷ್ಟ. ಹಳೇ ಕಂದು ಮಬ್ಬು ಹೋಗಿ ಬಣ್ಣ ಕಣ್ಣಿಗೆ ರಾಚುತ್ತೆ: ಇಂಗ್ಲಿಷ್ ಮಿಠಾಯಿ ಕಾಗದ, ಬಸ್ ಟಿಕೆಟ್, ಅಮೆರಿಕದಿಂದ ಸ್ನೇಹಿತರು ಕಳಿಸಿದ ಪತ್ರಿಕೆಗಳ ಹಾಳೆ. 1947ರ "ಕೇಟ್‌ಗಾಗಿ" ಅನ್ನೋದ್ರಲ್ಲಿ ಕಾಮಿಕ್ಸ್ ಹಾಳೆ ಅಂಟಿಸಿದ್ದಾನೆ. ಜಾಹೀರಾತು, ಕಾಮಿಕ್ಸನ್ನೇ ಕಲೆ ಮಾಡಿ ಪಾಪ್ ಆರ್ಟ್ ಅಂತ ಹತ್ತು ವರ್ಷ ಆದ್ಮೇಲೆ ಜನ ಕುಣಿದಾಡಿದ್ದು ಅದಕ್ಕೇ.

ಸುಮ್ನೆ ಬಂದೆ

ಹೊಟ್ಟೆಪಾಡು?

ಗೋಂದುಡಬ್ಬಿ

1945ರಲ್ಲಿ ಇಬ್ಬರೂ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನ ಆಂಬಲ್‌ಸೈಡ್‌ಗೆ ಬಂದರು. ಪ್ರವಾಸಿಗರಿಗೆ ಕೆರೆ, ಬೆಟ್ಟ, ಸೇತುವೆ, ಹೂವಿನ ಎಣ್ಣೆಬಣ್ಣದ ಚಿತ್ರ. ಊರಿನವರ ಭಾವಚಿತ್ರ, ಕೈಗೆ ಬಂದಷ್ಟು ದುಡ್ಡು. ಇದನ್ನ ವಿಮರ್ಶಕರು ಬಹಳ ಕಾಲ ಮುಚ್ಚಿಟ್ಟರು, ಮಹಾ ಕಲಾವಿದ ಪಾಪ ಬೀದಿ ಚಿತ್ರಗಾರ ಆದ ಅಂತ ಕಣ್ಣೀರು ಬೇರೆ. ನನಗೆ ಹಾಗನ್ನಿಸಲ್ಲ. ಅವನು ಜೀವನಪೂರ್ತಿ ಕಣ್ಣಿಗೆ ಕಂಡದ್ದನ್ನ ಕಂಡ ಹಾಗೆ ಬರೀತಲೇ ಇದ್ದ, ಹನೋವರ್‌ನಲ್ಲೂ ನಾರ್ವೆಯಲ್ಲೂ.

ಎಲ್ಟರ್‌ವಾಟರ್ ಹತ್ತಿರ ಹ್ಯಾರಿ ಪಿಯರ್ಸ್ ಅನ್ನೋರ ಜಮೀನಲ್ಲಿ ಒಂದು ಕಲ್ಲಿನ ಕೊಟ್ಟಿಗೆ ಸಿಕ್ಕಿತು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಹನೋವರ್ ಮನೆ ರಿಪೇರಿಗೋ ಹೊಸದಕ್ಕೋ ಅಂತ ಹಣ ಕೊಟ್ಟಿತ್ತು. 1947ರಲ್ಲಿ ಅಲ್ಲಿ ಕೊನೇ ಮೆರ್ತ್ಸ್ ಕಟ್ಟಡ ಶುರುವಾಯ್ತು. ಉಬ್ಬಸ, ಸೋತ ಹೃದಯ, ಒದ್ದೆ ಪ್ಲಾಸ್ಟರ್, ಚಳಿ. ಒಂದು ಗೋಡೆ ಮಾತ್ರ ಹತ್ತಿರಹತ್ತಿರ ಮುಗೀತು. ಅದರಲ್ಲಿ ಕಿಟಕಿ ಚೌಕಟ್ಟಿನ ತುಂಡು, ಗಿಡಕ್ಕೆ ನೀರು ಹಾಕೋ ಕ್ಯಾನಿನ ಮೂತಿ, ರಬ್ಬರ್ ಚೆಂಡು, ಪಿಂಗಾಣಿ ಮೊಟ್ಟೆ. 1948ರ ಜನವರಿ 7ಕ್ಕೆ ಬ್ರಿಟಿಷ್ ಪೌರತ್ವ ಮಂಜೂರಾದ ಸುದ್ದಿ ಬಂತು. ಮಾರನೇ ದಿನ ಕೆಂಡಲ್ ಆಸ್ಪತ್ರೆಯಲ್ಲಿ ತೀರಿಕೊಂಡ. ಅರವತ್ತು ವರ್ಷ.

ಅಚ್ಚುಮೊಳೆ

ಆ ಗೋಡೆ ಈಗ ಕೊಟ್ಟಿಗೆಯಲ್ಲಿಲ್ಲ. 1965ರಲ್ಲಿ ಇಡೀ ಗೋಡೆಯನ್ನೇ ಕಿತ್ತು ನ್ಯೂಕಾಸಲ್‌ನ ಹ್ಯಾಟನ್ ಗ್ಯಾಲರಿಗೆ ಸಾಗಿಸಿದರು, ಕಲಾವಿದ ರಿಚರ್ಡ್ ಹ್ಯಾಮಿಲ್ಟನ್ ಮುತುವರ್ಜಿಯಲ್ಲಿ. ನನಗೆ ಇದು ಸರಿಬರಲಿಲ್ಲ. ಆ ಜಾಗದ ಕಲ್ಲು, ಆ ಬಾಗಿಲಿಂದ ಬೀಳೋ ಬೆಳಕು ನೋಡಿ ಕಟ್ಟಿದ್ದನ್ನ ಎತ್ಕೊಂಡು ಹೋಗಿ ಗ್ಯಾಲರಿ ದೀಪದ ಕೆಳಗೆ ನಿಲ್ಲಿಸಿದ್ರೆ ಏನುಳೀತು?

ಹನೋವರ್ ಹೈದ

ಸರ್, ಅವನನ್ನೇ ಎತ್ಕೊಂಡು ಬಂದಿದ್ದಾರಲ್ಲ. 1970ರಲ್ಲಿ ಆಂಬಲ್‌ಸೈಡ್‌ನಿಂದ ದೇಹದ ಅವಶೇಷ ತಂದು ಇಲ್ಲಿನ ಎಂಗೆಸೋಡೆ ಸ್ಮಶಾನದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಅವನದೇ ಒಂದು ಶಿಲ್ಪದ ಅಮೃತಶಿಲೆ ಪ್ರತಿ ಇದೆ. ಗೋಡೆ ಅಲ್ಲೇ ಬಿಟ್ಟಿದ್ರೆ ತೇವಕ್ಕೆ ಉದುರಿಹೋಗ್ತಿತ್ತು, ಆಗಲೇ ಬಿರುಕು ಬಿಟ್ಟಿತ್ತು. ಮೂರು ಮೆರ್ತ್ಸ್‌ಬೌಗಳಲ್ಲಿ ಒಂದು ಬಾಂಬಿಗೆ, ಒಂದು ಬೆಂಕಿಗೆ. ಮೂರನೇದನ್ನ ಮಳೆಗೆ ಬಿಡೋಕಾಗುತ್ತಾ?

ಖಾರಪುಡಿ

ಈ ವಿಷಯದಾಗ ನಾ ಹೈದನ ಕಡೆ. ಅಂವ ಜಲ್ಮಾ ಪೂರಾ ಮಾಡಿದ್ದ ಅದನ್ನ ಹೌದಲ್ರಿ, ಒಂದು ಕಡಿಂದ ಕಿತ್ತು ಇನ್ನೊಂದು ಕಡೆ ಹಚ್ಚೂದು. ಅವನ ಗ್ವಾಡಿಗೆ ಹಂಗ ಮಾಡಿದ್ರ ಅಂವಗ ಯಾಕ ಸಿಟ್ಟ ಬಂದೀತು? ನಂಗ ಸಿಟ್ಟ ಬರೂದು ಹನೋವರದಾಗ ಬೆಳ್ಳಗ ಹೊಸದು ಕಟ್ಟಿ ಇಟ್ಟಾರಲ್ಲ, ಅದಕ್ಕ.

ಅಚ್ಚುಮೊಳೆ

ನೀವು ಹೇಳೋದು ಕಾಗದಕ್ಕೆ ಸರಿ, ಕಟ್ಟಡಕ್ಕೆ ಸರಿಯಲ್ಲ. ಟಿಕೆಟ್ಟು ಎಲ್ಲಿ ಅಂಟಿಸಿದರೂ ಟಿಕೆಟ್ಟೇ. ಆ ಗೋಡೆ ಅರ್ಧಂಬರ್ಧ ನಿಂತಿದ್ದು ಮಿಕ್ಕ ಮೂರು ಗೋಡೆಗಳನ್ನ ನಂಬಿಕೊಂಡು. ಹ್ಯಾಟನ್‌ನಲ್ಲಿ ನಿಂತು ನೋಡೋನಿಗೆ ಆ ಮೂರು ಎಲ್ಲಿವೆ ಅಂತ ಯಾರು ತೋರಿಸ್ತಾರೆ? ಬೇಕಿದ್ರೆ ಕೊಟ್ಟಿಗೆಗೇ ಒಳ್ಳೇ ಸೂರು ಹಾಕಿಸಬಹುದಿತ್ತು. ಸಾಗಿಸಿದ ಖರ್ಚಿಗಿಂತ ಜಾಸ್ತಿ ಆಗ್ತಿತ್ತು ಅಂತ ನನಗನ್ನಿಸಲ್ಲ.